ಗಾಳಿ ಚೆನ್ನಾಗಿದೆ

ಬನ್ನಿ, ಚಪ್ಪಲಿ ಒಳಗೇ ಬಿಡಿ ಎಂದೆ.
ಹೊರಗೆ ಕಂಡರೆ ಜೋಡಿಗಿಷ್ಟು ಅಂತ ದಂಡವಿದೆ
ಎನ್ನಲಿಲ್ಲ.

ಹನ್ನೊಂದನೇ ಮಹಡಿ. ಸಾಲಗಾಮೆ ರಸ್ತೆಯ ಕಡೆ ಬಾಲ್ಕನಿ.
ಆಕೆ ಅರಕಲಗೂಡಿನವಳಂತೆ, ಹೆಸರು ತೇಜೋವತಿ,
ಗಂಡನಿಗೆ ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುವ ಕೆಲಸ,
ಸೊಂಟದ ಮೇಲೊಂದು ಮಗು, ಬಾಯಲ್ಲಿ ಬೆರಳು.
ಬ್ರೋಕರ್ ಜವರಪ್ಪ ಸ್ವಿಚ್ಚುಗಳನ್ನೆಲ್ಲ ಒತ್ತಿ ಒತ್ತಿ ತೋರಿಸಿದ,
ಬೆಳಕನ್ನು ತಾನೇ ಕರೆದು ತಂದವನ ಹಾಗೆ.
'ಹೇಗಿದೆ ಮೇಡಂ ಮನೆ?' ಆಕೆ ಕೇಳಿದಳು.
'ಗಾಳಿ ಚೆನ್ನಾಗಿದೆ' ಎಂದೆ.

ಸುಳ್ಳಲ್ಲ. ಗಾಳಿಗಿನ್ನೂ ಮೀಟರ್ ಇಟ್ಟಿಲ್ಲ.

ಹದಿನೆಂಟು ಸಾವಿರ ಅಂತ ನನಗೂ ಹೇಳಿದ್ದರು.
ಹದಿನೆಂಟೆಂಬುದು ಬರೀ ಹೊಸ್ತಿಲು ತಾಯಿ.
ದಾಟಿದ ಮೇಲೆ ಮೇಂಟೆನೆನ್ಸು; ಅದರ ಬೆನ್ನಿಗೆ
ಕರೆಂಟು ಹೋದಾಗ ಗುಡುಗುವ ಜನರೇಟರು,
ಯೂನಿಟ್ಟಿಗೆ ಎರಡು ಪಟ್ಟು, ಫ್ಯಾನು ಮಾತ್ರ ಅರ್ಧ ವೇಗ.
ಸಾಮಾನು ತಂದ ದಿನ ಲಿಫ್ಟಿನ ಗೋಡೆಗೆ ಗೋಣಿ ಹೊದೆಸಲು
ಎರಡು ಸಾವಿರ. ಆಲೂಗಡ್ಡೆ ಮಂಡಿಯ ಮುದ್ರೆ
ಇನ್ನೂ ಆ ಗೋಣಿಯ ಮೇಲಿತ್ತು.
ಹೇಮಾವತಿ ಇಲ್ಲೇ ಗೊರೂರಲ್ಲಿ ತುಂಬಿ ನಿಂತಿದ್ದಾಳೆ;
ನಮ್ಮ ನಲ್ಲಿಗೆ ಬರಲು ಮಾತ್ರ
ಅವಳಿಗೂ ಟ್ಯಾಂಕರೇ ಬೇಕಂತೆ.

ಈಜುಕೊಳದ ಶುಲ್ಕ ತಿಂಗಳು ತಿಂಗಳು ಕಟ್ಟಿದೆ.
ಹಾಸನಾಂಬೆಯಾದರೂ ವರ್ಷಕ್ಕೊಮ್ಮೆ ಬಾಗಿಲು ತೆಗೆಯುತ್ತಾಳೆ,
ಹಚ್ಚಿಟ್ಟ ದೀಪ ಆರಿರುವುದಿಲ್ಲ ಅಂತಾರೆ.
ಈ ಕೊಳದ ಬೀಗ ತೆಗೆದದ್ದು ಎರಡು ವರ್ಷದಲ್ಲಿ ನಾನು ಕಂಡಿಲ್ಲ.
ಒಮ್ಮೆ ಗ್ರಿಲ್ಲಿನ ಸಂದಿಯಿಂದ ಇಣುಕಿದೆ:
ನೀಲಿ ಟೈಲ್ಸಿನ ತಳದಲ್ಲಿ ಒಂದು ಕ್ರಿಕೆಟ್ ಚೆಂಡು,
ಒಣಗಿದ ಬೇವಿನೆಲೆ,
ವಾಚ್‌ಮನ್ ನಿಂಗಾಚಾರಿ ಒಗೆದು ಹರವಿದ ಪಂಚೆ.
ಅದನ್ನು ಬಳಸಿದವನು ಅವನೊಬ್ಬನೇ.

ಅತ್ತೆ ತಾರಸಿಯಲ್ಲಿ ಹಪ್ಪಳ ಹರವಿದ್ದಕ್ಕೆ ಐನೂರು.
ರಸೀದಿಯಲ್ಲಿ ಬರೆದಿದ್ದರು: 'ಸೌಂದರ್ಯ ಭಂಗ.'
ಅತ್ತೆ ಅದನ್ನು ಎರಡು ಸಲ ಓದಿಸಿಕೊಂಡು
'ಇಷ್ಟು ದುಬಾರಿ ಹಪ್ಪಳ ನಮ್ಮ ವಂಶದಲ್ಲೇ ಯಾರೂ ತಿಂದಿಲ್ಲ' ಎಂದು
ಕರಿದು ಬಡಿಸಿದರು.

ನಾನು ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು.
ದಿನಕ್ಕೆ ನೂರು ತೋಳು. ಪ್ರತಿ ತೋಳಿಗೂ ಹೇಳುತ್ತೇನೆ:
'ಸ್ವಲ್ಪ ಚುಚ್ಚುತ್ತೆ, ಆ ಕಡೆ ನೋಡಿ.'
ಇಲ್ಲಿ 'ಆ ಕಡೆ ನೋಡಿ' ಅನ್ನುತ್ತಾರೆ, ಅಷ್ಟೇ.
ಆ ಕಡೆ ಸೀಗೆಗುಡ್ಡ, ಸಂಜೆ, ಊರಿನ ದೀಪ.
ನೋಡುತ್ತ ನಿಂತಿರುವಾಗಲೇ
ಸಿರಿಂಜು ತುಂಬಿರುತ್ತದೆ.

ಇಷ್ಟನ್ನೂ ಅವಳಿಗೆ ಹೇಳಬಹುದಿತ್ತು.
ನಾಲಿಗೆಯ ಮೇಲೆ ಒಂದೂವರೆ ಲಕ್ಷ ಕೂತಿತ್ತು,
ನನ್ನ ಅಡ್ವಾನ್ಸು. ಓನರ್ ಕಲ್ಲೇಶಪ್ಪನವರ ಮಾತು:
'ಹೊಸಬರು ಕೊಟ್ಟ ಕೂಡಲೇ ನಿಮ್ಮದು ನಿಮಗೆ.
ಬಣ್ಣಕ್ಕೆ ಒಂದು ತಿಂಗಳದು ಹಿಡೀತೀನಿ, ಮೊಳೆಗೆ ಬೇರೆ.'
ಮೂರು ಮೊಳೆ ಹೊಡೆದಿದ್ದೆ. ಕ್ಯಾಲೆಂಡರಿಗೊಂದು, ಮಾವನ ಫೋಟೋಗೊಂದು,
ಮೂರನೆಯದು ಯಾಕೆಂದು ಈಗ ನೆನಪಿಲ್ಲ. ಅದಕ್ಕೂ ಇನ್ನೂರು.

ಅವಳು ಕೊಟ್ಟರೆ ನನಗೆ. ನಾನು ಕೊಟ್ಟದ್ದು
ನನಗಿಂತ ಮೊದಲಿದ್ದ ಟೀಚರಮ್ಮನಿಗೆ ಹೋಗಿತ್ತು.
ಆಕೆಯೂ ಅಂದು ಇದೇ ಬಾಲ್ಕನಿಯಲ್ಲಿ ನಿಂತು
'ಗಾಳಿ ಚೆನ್ನಾಗಿದೆ' ಎಂದಿದ್ದಳು.
ಆ ಮುಖ ಯಾಕೆ ಹಾಗಿತ್ತೆಂದು ಇವತ್ತು ಗೊತ್ತಾಯಿತು.

'ಮತ್ತೆ ನೀವ್ಯಾಕೆ ಬಿಡ್ತಿದ್ದೀರಿ?'
'ಟ್ರಾನ್ಸ್‌ಫರ್' ಎಂದೆ.
ಹೋಗುತ್ತಿರುವುದು ಸಂತೆಪೇಟೆಯ ಹಿಂದಿನ ಒಂದು ನೆಲಮಹಡಿಗೆ.

ಲಿಫ್ಟು ಬಂತು. ಮಗು ಕೈಗೆಟುಕಿದ ಬಟನ್ನುಗಳನ್ನೆಲ್ಲ ಒತ್ತಿತು.
ಬಾಗಿಲು ಮುಚ್ಚುವಾಗ ನನ್ನ ಕೈ ತಾನಾಗಿ ಅಡ್ಡ ಹೋಯಿತು.
ಬಾಗಿಲು ಬೆಚ್ಚಿ ಹಿಂದೆ ಸರಿಯಿತು.
ಜವರಪ್ಪ ನನ್ನನ್ನೇ ನೋಡಿದ.
'ನೀರಿನ ಬಿಲ್ಲು ಬೇರೆ' ಎಂದೆ.

'ಅಷ್ಟೇನಾ?' ನಕ್ಕಳು ತೇಜೋವತಿ, ನಿರಾಳವಾಗಿ.

ಅಷ್ಟೇ ಎಂದೆನೋ, ಇಲ್ಲವೋ. ಬಾಗಿಲು ಮುಚ್ಚಿತ್ತು.
ಹತ್ತು, ಒಂಬತ್ತು, ಎಂಟು,
ಪ್ರತಿ ಮಹಡಿಯಲ್ಲೂ ನಿಂತು ನಿಂತು
ಇಳಿಯುತ್ತಿತ್ತು ಕೆಂಪು ಅಂಕಿ.